ತಿನ್ನುವ ಕೈಯೇ ಬಿತ್ತುವ ಕೈಯಾಗಲಿ

ಇಂದು ಸಂಜೆ ನಿಮ್ಮ ಮನೆಯ ಬಾಗಿಲಲ್ಲಿ ನಿಂತು ಬಲಕ್ಕೆ ಮೂರು ಮನೆ, ಎಡಕ್ಕೆ ಮೂರು ಮನೆ ಎಣಿಸಿರಿ. ಆ ಆರು ಮನೆಗಳಲ್ಲಿ ನಿನ್ನೆ ರಾತ್ರಿ ಒಲೆಯ ಮೇಲೆ ಏನಿತ್ತೆಂಬುದು ನಿಮಗೆ ಗೊತ್ತೇ? ರೊಟ್ಟಿಯ ಜೊತೆಗೆ ಪಲ್ಯವಿತ್ತೋ, ಬರೀ ಖಾರವಿತ್ತೋ? ಮಕ್ಕಳು ಹಾಲು ಕುಡಿದು ಮಲಗಿದರೋ, ಕರಿ ಚಹಾ ಕುಡಿದು ಮಲಗಿದರೋ? ಈ ಪ್ರಶ್ನೆ ಇನ್ನೊಬ್ಬರ ಮನೆಯ ವಿಚಾರದಲ್ಲಿ ತಲೆ ಹಾಕುವುದಲ್ಲ. ನಾಳೆ ನಮ್ಮನ್ನು ಕೇಳಲಾಗುವ ಪ್ರಶ್ನೆಗಳಲ್ಲಿ ಇದೂ ಒಂದು.

ಪಕ್ಕದ ಮನೆಯವನು ಹಸಿದಿರುವಾಗ ತಾನು ಹೊಟ್ಟೆ ತುಂಬ ಉಣ್ಣುವವನು ಸತ್ಯವಿಶ್ವಾಸಿಯಲ್ಲವೆಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ. ಸಾರು ಮಾಡುವಾಗ ಒಂದಿಷ್ಟು ನೀರು ಹೆಚ್ಚು ಹಾಕಿ ನೆರೆಯವರನ್ನು ನೆನೆಯಬೇಕೆಂದು ಅಬೂದರ್ರ್(ರ)ರಿಗೆ ಬೋಧಿಸಿದ್ದಾರೆ. ಇಲ್ಲಿ ನೆರೆಯವನೆಂದರೆ ನಮ್ಮ ಸಮುದಾಯದವನೇ ಆಗಬೇಕೆಂದಿಲ್ಲ. ಅಬ್ದುಲ್ಲಾಹ್ ಬಿನ್ ಅಮ್ರ್(ರ)ರ ಮನೆಯಲ್ಲಿ ಆಡು ಕೊಯ್ದಾಗ, ಅವರು ಬಂದವರೇ ಯಹೂದಿ ನೆರೆಯವನಿಗೆ ಪಾಲು ಕಳಿಸಿದಿರಾ ಎಂದು ಮತ್ತೆ ಮತ್ತೆ ವಿಚಾರಿಸಿದರೆಂದು ವರದಿಯಾಗಿದೆ.

ಇದು ನಮಗೆಲ್ಲ ಗೊತ್ತಿರುವ ಮಾತೇ. ಮದ್ರಸದ ಮಕ್ಕಳೂ ಬಾಯಿಪಾಠ ಹೇಳುತ್ತಾರೆ. ಆದರೆ ಗೊತ್ತಿರುವುದನ್ನು ಸರಿಯಾಗಿ ಮಾಡುವುದು ಹೇಗೆ? ಆ ವಿಷಯದಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಆ ಎಡವಿದ್ದರಿಂದಲೇ ಈ ಪಾಠವನ್ನು ಆರಂಭಿಸುತ್ತೇನೆ.

ಮುಚ್ಚಿದ ಬಾಗಿಲು

ನಮ್ಮ ಕಮಲನಗರ ಬೀದರ್ ಜಿಲ್ಲೆಯ ಗಡಿಯ ಊರು. ಮೊದಲು ಔರಾದ್ ತಾಲೂಕಿಗೆ ಸೇರಿತ್ತು, ಈಗ ತಾನೇ ತಾಲೂಕು ಕೇಂದ್ರ. ಒಂದು ಬದಿಗೆ ಭಾಲ್ಕಿ, ಇನ್ನೊಂದು ಬದಿಗೆ ಮಹಾರಾಷ್ಟ್ರದ ಉದಗೀರ್. ಸುತ್ತ ಕಪ್ಪು ಎರೆಭೂಮಿ. ತೊಗರಿ, ಉದ್ದು, ಹೆಸರು, ಜೋಳ ಬೆಳೆದ ನೆಲದ ಬಹುಪಾಲನ್ನು ಈಗ ಸೋಯಾಬೀನ್ ಆಕ್ರಮಿಸಿದೆ. ಸೋಯಾ ಎಣ್ಣೆಯ ಕಾರ್ಖಾನೆಗೆ ಹೋಗುತ್ತದೆ, ರೈತನ ಕೈಗೆ ಹಣ ಬರುತ್ತದೆ. ಆದರೆ ಐದು ಎಕರೆ ಬಿತ್ತಿದವನೂ ಒಂದು ಕಟ್ಟು ಮೆಂತ್ಯಕ್ಕೆ ಸಂತೆಗೆ ಹೋಗಬೇಕು. ಹೊಲವೇ ಇಲ್ಲದ, ದಿನಗೂಲಿಯ ಮನೆಯ ಪಾಡನ್ನು ಹೇಳುವುದೇ ಬೇಡ. ಬೇಸಿಗೆಯಲ್ಲಿ ತರಕಾರಿಯ ಬೆಲೆ ಏರಿದಾಗ ಆ ಮನೆಯ ಚೀಲದಿಂದ ಮೊದಲು ಬಿಟ್ಟುಹೋಗುವುದು ಸೊಪ್ಪು, ಕಾಯಿಪಲ್ಯಗಳೇ.

ಕೆಲವು ವರ್ಷಗಳ ಹಿಂದೆ ಇಂತಹದೇ ಒಂದು ಬೇಸಿಗೆಯಲ್ಲಿ ನಮ್ಮ ಮೊಹಲ್ಲಾದ ಹುಡುಗರು ಹಣ ಕೂಡಿಸಿ, ಪ್ರತಿ ಗುರುವಾರ ಸಂತೆಯಿಂದ ತರಕಾರಿ ತಂದು ಬಡವರಿಗೆ ಹಂಚತೊಡಗಿದರು. ಒಳ್ಳೆಯ ಕೆಲಸವೇ. ಹೆಸರುಗಳ ಪಟ್ಟಿ ಮಾಡಿಕೊಟ್ಟವನು ನಾನು. ಚೀಲ ಹಿಡಿದು ಮನೆ ಮನೆಗೆ ಹೋಗುವಾಗ ಮುಂದೆ ನಿಂತವನೂ ನಾನೇ. ಮೂರನೆಯ ವಾರ ಒಬ್ಬ ವಿಧವೆ ಸಹೋದರಿ ಬಾಗಿಲನ್ನು ಅರ್ಧ ತೆರೆದು ಹೇಳಿದರು: “ಮೌಲ್ವಿಸಾಬ್, ನನ್ನ ಮಗಳು ಶಾಲೆಯಿಂದ ಬರುವ ಹೊತ್ತಿಗೆ ಈ ಚೀಲ ತರಬೇಡಿ. ಓಣಿಯ ಹುಡುಗಿಯರೆಲ್ಲ ಅವಳಿಗೆ ಅದನ್ನೇ ಹೇಳುತ್ತಾರಂತೆ. ನನಗೆ ಕೈಕಾಲು ಗಟ್ಟಿ ಇವೆ. ಏನಾದರೂ ಕೆಲಸ ಇದ್ದರೆ ಹೇಳಿ, ಮಾಡುತ್ತೇನೆ.” ಮುಂದಿನ ವಾರ ಆ ಬಾಗಿಲು ತೆರೆಯಲೇ ಇಲ್ಲ.

ನಾನು ಆ ರಾತ್ರಿ ಸೂರಃ ಅಲ್ ಬಕರಃದ 263 ಮತ್ತು 264ನೆಯ ಸೂಕ್ತಗಳನ್ನು ಮತ್ತೆ ತೆರೆದು ಓದಿದೆ. ನೋಯಿಸಿ ಕೊಡುವ ದಾನಕ್ಕಿಂತ ಒಂದು ಒಳ್ಳೆಯ ಮಾತೇ ಮೇಲೆಂದು ಅಲ್ಲಿ ಅಲ್ಲಾಹನು ತಿಳಿಸುತ್ತಾನೆ. ಉಪಕಾರವನ್ನು ಎತ್ತಿ ಆಡಿ ದಾನವನ್ನು ಹಾಳುಮಾಡಿಕೊಳ್ಳಬಾರದೆಂದು ಎಚ್ಚರಿಸುತ್ತಾನೆ. ನಾವು ಯಾರನ್ನೂ ಹೀಯಾಳಿಸಿರಲಿಲ್ಲ, ನಿಜ. ಆದರೆ ಓಣಿಯ ನಡುವೆ ಚೀಲ ಹಿಡಿದು ನಿಂತದ್ದೇ ಒಂದು ಮಾತಾಗಿತ್ತು. ಆ ಸಹೋದರಿ ಕೇಳಿದ್ದು ಕೆಲಸ, ನಾವು ಕೊಟ್ಟದ್ದು ಚೀಲ.

ಮದೀನದ ತೋಟಗಳಲ್ಲಿ

ಈ ತೊಡಕಿಗೆ ಉತ್ತರ ಮದೀನದ ಮೊದಲ ದಿನಗಳಲ್ಲೇ ಇದೆ. ಮಕ್ಕಾದಿಂದ ಎಲ್ಲವನ್ನೂ ಬಿಟ್ಟು ಬಂದ ಮುಹಾಜಿರರ ಬಳಿ ಭೂಮಿಯಿರಲಿಲ್ಲ. ಮದೀನದ ಅನ್ಸಾರರಿಗೆ ಖರ್ಜೂರದ ತೋಟಗಳಿದ್ದವು. ಅನ್ಸಾರರು ಪ್ರವಾದಿ(ಸ)ರ ಬಳಿಗೆ ಬಂದು, ನಮ್ಮ ಮರಗಳನ್ನು ನಮ್ಮ ಮತ್ತು ಈ ಸಹೋದರರ ನಡುವೆ ಹಂಚಿಬಿಡಿರೆಂದು ಕೋರಿದರು. ಎಂತಹ ಉದಾರತೆ! ಆದರೆ ಪ್ರವಾದಿ(ಸ)ರು ಅದನ್ನು ಒಪ್ಪಲಿಲ್ಲ. ಆಗ ಅನ್ಸಾರರು ಇನ್ನೊಂದು ದಾರಿ ಸೂಚಿಸಿದರು: ಮುಹಾಜಿರರು ತೋಟದಲ್ಲಿ ದುಡಿಯಲಿ, ಫಲದಲ್ಲಿ ಇಬ್ಬರೂ ಪಾಲುದಾರರಾಗೋಣ. ಎರಡೂ ಕಡೆಯವರು ಇದನ್ನು ಮನಃಪೂರ್ವಕ ಒಪ್ಪಿಕೊಂಡರು. ಅಬೂಹುರೈರಃ(ರ)ರ ವರದಿಯಿಂದ ಇದು ಬುಖಾರಿಯಲ್ಲಿ ದಾಖಲಾಗಿದೆ.

ಇಲ್ಲಿ ಸ್ವಲ್ಪ ನಿಂತು ಆಲೋಚಿಸಿರಿ. ಮರಗಳನ್ನೇ ಹಂಚಿದ್ದರೆ ಒಬ್ಬರು ಕೊಟ್ಟವರು, ಇನ್ನೊಬ್ಬರು ಪಡೆದವರು ಆಗುತ್ತಿದ್ದರು. ಜೊತೆಯಾಗಿ ದುಡಿದುದರಿಂದ ಇಬ್ಬರೂ ಬೆಳೆದವರಾದರು. ಹಸಿವೂ ನೀಗಿತು, ತಲೆಯೂ ಬಾಗಲಿಲ್ಲ. ಈ ಪಾಠದ ಸಾರವೆಲ್ಲ ಇಷ್ಟೇ: ನೆರೆಯವನ ಹಸಿವನ್ನು ನೀಗಿಸುವ ಉತ್ತಮ ದಾರಿಯೆಂದರೆ ಅವನನ್ನು ಬಿತ್ತನೆಯಲ್ಲಿ ಪಾಲುದಾರನನ್ನಾಗಿ ಮಾಡುವುದು.

ಇದು ಗಂಡಸರ ಕೆಲಸವೆಂದು ಯಾರಾದರೂ ಭಾವಿಸಿದರೆ ಸಹ್ಲ್ ಬಿನ್ ಸಅದ್(ರ)ರ ವರದಿಯನ್ನು ನೆನೆಯಲಿ. ಮದೀನದ ಒಬ್ಬ ಮಹಿಳೆ ತನ್ನ ಹೊಲದ ಕಾಲುವೆಗಳ ಬದಿಯಲ್ಲಿ ಬೀಟ್‌ರೂಟ್ ಜಾತಿಯ ಒಂದು ಸೊಪ್ಪು ಬೆಳೆಯುತ್ತಿದ್ದರು. ಪ್ರತಿ ಶುಕ್ರವಾರ ಅದರ ಗೆಡ್ಡೆಯನ್ನು ಒಂದು ಹಿಡಿ ಜವೆಗೋಧಿಯ ಹಿಟ್ಟಿನೊಂದಿಗೆ ಬೇಯಿಸುತ್ತಿದ್ದರು. ಜುಮಾ ಮುಗಿಸಿದ ಸಹಾಬಿಗಳು ಅವರ ಮನೆಗೆ ಹೋಗಿ ಸಲಾಮ್ ಹೇಳಿ ಆ ಅಡುಗೆ ಉಣ್ಣುತ್ತಿದ್ದರು, ಅದಕ್ಕಾಗಿಯೇ ಶುಕ್ರವಾರವನ್ನು ಎದುರು ನೋಡುತ್ತಿದ್ದರು. ಕಾಲುವೆಯ ಬದುವಿನ ಒಂದಿಷ್ಟು ಸೊಪ್ಪು ಒಂದು ಸಮಾಜದ ಶುಕ್ರವಾರವನ್ನು ಸಂತೋಷಗೊಳಿಸಿತು.

ನಮ್ಮ ನೆರೆಯ ಜಹೀರಾಬಾದಿನಲ್ಲಿ

ಅದು ಆ ಕಾಲದ ಮಾತು, ಈಗ ನಡೆಯುತ್ತದೆಯೇ ಎಂದು ಕೇಳುವವರಿದ್ದಾರೆ. ಅವರು ದೂರ ಹೋಗಬೇಕಿಲ್ಲ. ಬೀದರಿನ ಪಕ್ಕದ ಜಹೀರಾಬಾದನ್ನು ನೋಡಲಿ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ಜಹೀರಾಬಾದ್ ಬೀದರ್ ಜಿಲ್ಲೆಯದೇ ತಾಲೂಕಾಗಿತ್ತು. ಈಗ ತೆಲಂಗಾಣದಲ್ಲಿದೆ. ಅಲ್ಲಿನ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆಯಿದೆ. 1983ರಲ್ಲಿ ಅದನ್ನು ಆರಂಭಿಸಿದವರಲ್ಲಿ ಮೈಸೂರಿನಲ್ಲಿ ಹುಟ್ಟಿದ, ದೂರದರ್ಶನದಲ್ಲಿ ದುಡಿದಿದ್ದ ಪಿ.ವಿ. ಸತೀಶ್ ಪ್ರಮುಖರು. ಅವರು 2023ರ ಮಾರ್ಚಿನಲ್ಲಿ ತೀರಿಕೊಂಡರು. ಆದರೆ ಆ ಕೆಲಸದ ನಿಜವಾದ ಒಡತಿಯರು ಹಳ್ಳಿಯ ಸಂಘಗಳ ಮಹಿಳೆಯರು. ಅವರಲ್ಲಿ ಹೆಚ್ಚಿನವರು ದಲಿತರು, ತುಂಡು ಭೂಮಿಯವರು, ಅಕ್ಷರ ಬಾರದವರು.

ಅವರ ಭೂಮಿ ಇದ್ದೂ ಇಲ್ಲದಂತಿತ್ತು. ಕಲ್ಲುನೆಲ, ಗೊಬ್ಬರವಿಲ್ಲ, ಎತ್ತಿಲ್ಲ, ಬೀಜವಿಲ್ಲ. ಭೂಮಿ ಬೀಳು ಬಿದ್ದಿತ್ತು, ಒಡತಿ ಬೇರೆಯವರ ಹೊಲದಲ್ಲಿ ಕೂಲಿ ಮಾಡುತ್ತಿದ್ದಳು. ಪಡಿತರದ ಅಂಗಡಿಯಲ್ಲಿ ಅಕ್ಕಿ ಸಿಗುತ್ತಿತ್ತು, ಆದರೆ ಅವರು ತಲೆಮಾರುಗಳಿಂದ ಉಂಡದ್ದು ಜೋಳ. 1990ರ ದಶಕದ ಮಧ್ಯದಲ್ಲಿ ಕೇಂದ್ರ ಸರಕಾರದ ಗ್ರಾಮೀಣಾಭಿವೃದ್ಧಿ ಸಚಿವಾಲಯದ ನೆರವಿನಿಂದ ಸುಮಾರು ಮೂವತ್ತು ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಯಿತು. ಬೀಳು ಭೂಮಿ ಉಳಲು, ಗೊಬ್ಬರ ಹಾಕಲು, ಬಿತ್ತಲು ರೈತನಿಗೆ ಕಂತುಗಳಲ್ಲಿ ಸಾಲ ಸಿಗುತ್ತಿತ್ತು. ಆ ಸಾಲವನ್ನು ಅವನು ಹಣದಿಂದ ತೀರಿಸಬೇಕಿರಲಿಲ್ಲ. ಕೆಲವು ವರ್ಷಗಳವರೆಗೆ ಬೆಳೆದ ಜೋಳದ ಒಂದು ಪಾಲನ್ನು ಊರಿನ ಧಾನ್ಯನಿಧಿಗೆ ಅಳೆಯಬೇಕಿತ್ತು. ಹೀಗೆ ಎರಡೂವರೆ ಸಾವಿರಕ್ಕೂ ಹೆಚ್ಚು ಎಕರೆ ಮತ್ತೆ ಉಳುಮೆಗೆ ಬಂತು.

ಧಾನ್ಯ ಊರಲ್ಲೇ ಉಳಿಯಿತು. ಯಾರಿಗೆ ಕೊಡಬೇಕು? ಅದನ್ನು ಯಾವ ಅಧಿಕಾರಿಯೂ ನಿರ್ಧರಿಸಲಿಲ್ಲ. ಊರಿನವರೇ ನೆಲದ ಮೇಲೆ ಊರ ನಕ್ಷೆ ಬಿಡಿಸಿ, ಒಂದೊಂದು ಮನೆಯ ಸ್ಥಿತಿಯನ್ನು ಎಲ್ಲರ ಮುಂದೆ ಚರ್ಚಿಸಿ ಬಡವರನ್ನು ಗುರುತಿಸಿದರು. ಮಳೆಗಾಲದಲ್ಲಿ ಹಳೆಯ ಧಾನ್ಯ ಮುಗಿದು ಹೊಸದು ಇನ್ನೂ ಬಾರದ ಹಸಿವಿನ ತಿಂಗಳುಗಳಲ್ಲಿ ಆ ಮನೆಗಳಿಗೆ ಪೇಟೆಯ ದರಕ್ಕಿಂತ ಬಹಳ ಕಡಿಮೆಗೆ ಜೋಳ ಕೊಟ್ಟರು. ಬಿಟ್ಟಿಯಾಗಿ ಕೊಡಲಿಲ್ಲ ಎಂಬುದನ್ನು ಗಮನಿಸಿರಿ. ಬಂದ ಹಣ ಮತ್ತೆ ನಿಧಿಗೆ ಸೇರಿತು. ಪಡೆದ ಮನೆಯವರು ಬೆಲೆ ಕೊಟ್ಟು ಪಡೆದರು.

ಹಾಗೆಯೇ ಬೀಜ. ಸಂಘದ ಮಹಿಳೆಯರು ಜೋಳ, ನವಣೆ, ಸಾಮೆ, ಸಜ್ಜೆ, ತೊಗರಿ, ಅವರೆ, ಪುಂಡಿಗಳ ಬೀಜವನ್ನು ಬೂದಿ, ಬೇವಿನೆಲೆ ಬೆರೆಸಿ ಕಾಪಾಡುತ್ತಾರೆ. ಬೀಜ ಬೇಕಾದವರು ಒಯ್ದು ಬಿತ್ತಿ, ಸುಗ್ಗಿಯಲ್ಲಿ ಹೆಚ್ಚಿಗೆ ಸೇರಿಸಿ ಬೀಜವನ್ನೇ ಹಿಂದಿರುಗಿಸುತ್ತಾರೆ. ಒಂದೇ ಹೊಲದಲ್ಲಿ ಹತ್ತಾರು ಬೆಳೆ ಬೆರೆಸಿ ಬಿತ್ತುವುದರಿಂದ ಮಳೆ ಕೈಕೊಟ್ಟರೂ ಒಂದಲ್ಲ ಒಂದು ಕೈಹಿಡಿಯುತ್ತದೆ. ಸ್ವಂತ ಭೂಮಿಯಿಲ್ಲದವರು ಗುಂಪಾಗಿ ಭೂಮಿಯನ್ನು ಲಾವಣಿಗೆ ಪಡೆದು ಬೆಳೆದು ಹಂಚಿಕೊಂಡರು. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು ಇವರಿಗೆ ಈಕ್ವೇಟರ್ ಪ್ರಶಸ್ತಿ ನೀಡಿ ಗೌರವಿಸಿತು.

ಇದು ಒಂದೇ ಊರಿನ ಕಥೆಯಲ್ಲ. 1998ರಲ್ಲಿ ಆರಂಭವಾದ ಕೇರಳದ ಕುಟುಂಬಶ್ರೀಯಲ್ಲಿಯೂ ಮಹಿಳೆಯರು ಸಣ್ಣ ಗುಂಪುಗಳಾಗಿ ಬೀಳು ಗದ್ದೆಗಳನ್ನು ಗೇಣಿಗೆ ಹಿಡಿದು ಭತ್ತ, ತರಕಾರಿ ಬೆಳೆಯುತ್ತಾರೆ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದು ಆಹಾರ, ಇಂಧನದ ಆಮದು ಕುಸಿದಾಗ ಕ್ಯೂಬಾದ ಹವಾನಾ ನಗರದ ಜನ ಖಾಲಿ ನಿವೇಶನಗಳಲ್ಲೇ ತರಕಾರಿ ಬೆಳೆದುಕೊಂಡರು.

ಪಡಿತರ ಇದೆಯಲ್ಲ?

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆದ್ಯತಾ ಕುಟುಂಬದ ಪ್ರತಿಯೊಬ್ಬ ಸದಸ್ಯನಿಗೆ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಧಾನ್ಯ ಪಡೆಯುವ ಹಕ್ಕಿದೆ. ಅದು ಹಕ್ಕು, ಭಿಕ್ಷೆಯಲ್ಲ. ಕಾರ್ಡು ಇಲ್ಲದ ನೆರೆಯವರಿಗೆ ಅರ್ಜಿ ತುಂಬಿಸಿಕೊಡುವುದೂ ಒಂದು ದೊಡ್ಡ ಸೇವೆ. ಆದರೆ ಧಾನ್ಯದಿಂದ ಹೊಟ್ಟೆ ತುಂಬುತ್ತದೆ, ರಕ್ತ ತುಂಬುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಇದಕ್ಕೆ ಕಾರಣಗಳು ಹಲವು, ಅಂತಹವರು ಆರೋಗ್ಯ ಕೇಂದ್ರಕ್ಕೆ ಹೋಗಿ ಕಬ್ಬಿಣದ ಮಾತ್ರೆ ಪಡೆಯಲೇಬೇಕು. ಆದರೆ ತಟ್ಟೆಯಲ್ಲಿ ಸೊಪ್ಪು, ಬೇಳೆ, ಹಣ್ಣು ಇಲ್ಲದಿರುವುದು ಮುಖ್ಯ ಕಾರಣಗಳಲ್ಲೊಂದು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ತನ್ನ ಮಾರ್ಗಸೂಚಿಯಲ್ಲಿ ಒಬ್ಬ ವಯಸ್ಕನಿಗೆ ದಿನಕ್ಕೆ ಸೊಪ್ಪೂ ಸೇರಿ ಸುಮಾರು 400 ಗ್ರಾಂ ತರಕಾರಿ ಬೇಕೆಂದು ಹೇಳಿದೆ. ಐದು ಜನರ ಮನೆಗೆ ಲೆಕ್ಕ ಹಾಕಿದರೆ ದಿನಕ್ಕೆ ಹತ್ತಿರ ಹತ್ತಿರ 2 ಕಿಲೋ. ದಿನಗೂಲಿಯ ಮನೆ ಇದನ್ನು ಸಂತೆಯಿಂದ ಕೊಳ್ಳಬಲ್ಲದೇ? ಪಡಿತರ ತುಂಬದ ಈ ಜಾಗವನ್ನೇ ಓಣಿಯ ತೋಟ ಸ್ವಲ್ಪಮಟ್ಟಿಗೆ ತುಂಬಬಲ್ಲದು.

ಹೇಗೆ ಆರಂಭಿಸಬೇಕು?

ಮೊದಲು ಜನ, ಆಮೇಲೆ ಜಾಗ. ಐದಾರು ಮನೆಗಳು ಒಪ್ಪಿದರೆ ಸಾಕು. ಅವುಗಳಲ್ಲಿ ಕೊಡುವ ಮನೆಯೂ ಇರಲಿ, ಕೊರತೆಯ ಮನೆಯೂ ಇರಲಿ, ಯಾವುದು ಯಾವುದೆಂದು ಯಾರೂ ಹೇಳುವುದು ಬೇಡ. ಪಕ್ಕದ ಓಣಿಯ ಹಿಂದೂ ಕುಟುಂಬಗಳನ್ನೂ ಕರೆಯಿರಿ. ಒಕ್ಕಲುತನ ಬಲ್ಲ ಹಿರಿಯರು ಅಲ್ಲಿಯೂ ಇದ್ದಾರೆ.

ಜಾಗಕ್ಕೆ ಅನುಮತಿ ಕಡ್ಡಾಯ. ಯಾರದೋ ಖಾಲಿ ನಿವೇಶನವಾದರೆ ಅವರಿಂದ, ಊರಿನ ಜಾಗವಾದರೆ ಪಂಚಾಯಿತಿಯಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಮಸೀದಿಯ ಅಂಗಳ ಅಥವಾ ವಕ್ಫ್ ಭೂಮಿಯಾದರೆ ಅದನ್ನು ಕೊಟ್ಟವರ ಉದ್ದೇಶಕ್ಕೆ ವಿರುದ್ಧವಾಗದಂತೆ ಕಮಿಟಿಯ ಮತ್ತು ವಿದ್ವಾಂಸರ ಅಭಿಪ್ರಾಯ ಕೇಳಿರಿ. ಖಬರಸ್ತಾನದ ನೆಲವನ್ನು ಇದಕ್ಕೆ ಬಳಸಬೇಡಿ. ಝಕಾತ್ ಹಣದಿಂದ ಸಲಿಕೆ, ಪೈಪು ಕೊಳ್ಳಬೇಡಿ. ಝಕಾತ್ ಅರ್ಹರ ಕೈಗೇ ಸೇರಬೇಕಾದ ಹಕ್ಕು. ತೋಟದ ಖರ್ಚಿಗೆ ಬೇರೆ ದಾನವಿರಲಿ.

ನೀರಿನ ಲೆಕ್ಕ ನೋಡಿರಿ. ಒಂದು ಸಣ್ಣ ಮಸೀದಿಯಲ್ಲಿ ಪ್ರತಿ ನಮಾಝಿಗೆ 40 ಜನ ವುಝೂ ಮಾಡುತ್ತಾರೆಂದು ಭಾವಿಸಿದರೆ ದಿನಕ್ಕೆ 200 ಸಲ. ನಲ್ಲಿಯಲ್ಲಿ ಒಂದು ಸಲಕ್ಕೆ 3 ಲೀಟರ್ ಹಿಡಿದರೂ 600 ಲೀಟರ್ ಚರಂಡಿ ಸೇರುತ್ತದೆ. ತರಕಾರಿಯ ಒಂದು ಚದರ ಮೀಟರ್ ಮಡಿಗೆ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 5 ಲೀಟರ್ ಸಾಕು. ಅಂದರೆ ಈ ನೀರು ಮೂವತ್ತು-ನಲವತ್ತು ಅಡಿಯ ಒಂದು ನಿವೇಶನವನ್ನು ಹಸಿರಾಗಿಡಬಲ್ಲದು. ಸಾಬೂನು ಬೆರೆಯದ ಈ ನೀರು ಗಿಡಕ್ಕೆ ಒಳ್ಳೆಯದು. ಹಾಗೆಂದು ಗಿಡಕ್ಕೆ ಬೇಕಲ್ಲ ಎಂದು ನಲ್ಲಿಯನ್ನು ಹೆಚ್ಚು ತಿರುಗಿಸುವುದು ಸಲ್ಲದು. ಪ್ರವಾದಿ(ಸ)ರು ಒಂದು ಮುದ್ದ್, ಅಂದರೆ ಸುಮಾರು ಮುಕ್ಕಾಲು ಲೀಟರ್ ನೀರಿನಲ್ಲಿ ವುಝೂ ಮಾಡುತ್ತಿದ್ದರು.

ನಮ್ಮ ಎರೆಭೂಮಿ ಮಳೆಗಾಲದಲ್ಲಿ ನೀರು ಹಿಡಿದು ಬೇರು ಕೊಳೆಸುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಆದ್ದರಿಂದ ಒಂದು ಗೇಣು ಎತ್ತರದ ಮಡಿ ಮಾಡಿ ಕೊಳೆತ ತಿಪ್ಪೆಗೊಬ್ಬರ ಬೆರೆಸಿರಿ. ಮೇಲೆ ಒಣ ಎಲೆ, ತೊಗರಿಯ ಹೊಟ್ಟು ಹೊದಿಸಿರಿ. ಮೃಗದ ಮಳೆ ಬಿದ್ದ ಮೇಲೆ ಬೆಂಡೆ, ಚವಳಿ, ಹೀರೆ, ಸೋರೆ, ಹಾಗಲ ಹಾಕಿರಿ. ಬೆಂಡೆ ಒಂದೂವರೆ ತಿಂಗಳಲ್ಲಿ ಕಾಯಿ ಬಿಡುತ್ತದೆ. ಮಳೆ ಹಿಂದೆ ಸರಿದ ಮೇಲೆ ಮೆಂತ್ಯ, ಪಾಲಕ್, ಕೊತ್ತಂಬರಿ. ಮೆಂತ್ಯ ಒಂದು ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ. ಹದಿನೈದು ದಿನಕ್ಕೊಂದು ಮಡಿ ಬಿತ್ತಿದರೆ ಚಳಿಗಾಲ ಪೂರ್ತಿ ಸೊಪ್ಪು ತಪ್ಪದು. ಬೇಸಿಗೆಗೆ ರಾಜಗಿರಿ, ಪುಂಡಿಪಲ್ಯ. ಅಂಚಿನಲ್ಲಿ ನುಗ್ಗೆ, ಕರಿಬೇವು, ಪಪ್ಪಾಯಿ, ನಿಂಬೆ ನೆಡಿರಿ. ನುಗ್ಗೆಯ ಕಾಯಿಗೆ ಕಾಯಬೇಕು, ಸೊಪ್ಪಂತೂ ಬರಗಾಲದಲ್ಲೂ ಸಿಗುತ್ತದೆ.

ಹಂಚುವಾಗ ಮೂರು ಪಾಲು ಮಾಡಬಹುದು. ದೊಡ್ಡ ಪಾಲು ಸರದಿಯಂತೆ ದುಡಿದ ಮನೆಗಳಿಗೆ ಸಮನಾಗಿ. ಒಂದು ಪಾಲು ದುಡಿಯಲಾಗದ ವೃದ್ಧರಿಗೆ, ರೋಗಿಗಳಿಗೆ, ಬಾಣಂತಿಯರಿಗೆ. ಉಳಿದದ್ದನ್ನು ಕಡಿಮೆ ದರಕ್ಕೆ ಮಾರಿ ಬೀಜದ ಖರ್ಚಿಗೆ. ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ಹಲಗೆಯ ಮೇಲೆ ಬರೆಯಿರಿ. ವಿಶ್ವಾಸ ಮುರಿಯುವುದು ಬೆಳೆ ಒಣಗಿದಾಗಲ್ಲ, ಲೆಕ್ಕ ಮುಚ್ಚಿದಾಗ.

ಒಂದು ಮಾತು ಸ್ಪಷ್ಟವಿರಲಿ. ಒಂದು ನಿವೇಶನದ ತೋಟ ಹತ್ತು ಮನೆಗಳ ಪೂರ್ತಿ ತರಕಾರಿ ಕೊಡಲಾರದು. ವಾರದಲ್ಲಿ ಎರಡು ಮೂರು ದಿನ ಸೊಪ್ಪು, ಒಂದಿಷ್ಟು ಕಾಯಿ ಕೊಟ್ಟೀತು. ಹೆಚ್ಚು ಆಸೆ ತೋರಿಸಿ ಆರಂಭಿಸಿದ ಕೆಲಸ ಮೊದಲ ಬೇಸಿಗೆಯಲ್ಲೇ ನಿಲ್ಲುತ್ತದೆ.

ಮಕ್ಕಳು ಕಿತ್ತರೆ?

ಇದನ್ನು ಎಲ್ಲರೂ ಕೇಳುತ್ತಾರೆ. ಬೇಲಿಯಿಲ್ಲದ ತೋಟವನ್ನು ಆಡು ಮೇಯುತ್ತದೆ, ಹುಡುಗರು ಕೀಳುತ್ತಾರೆ. ಬೇಲಿ ಹಾಕಿರಿ, ಕಾಯಿರಿ, ಅದು ನಮ್ಮ ಹೊಣೆ. ಆದರೆ ಅಷ್ಟಾದ ಮೇಲೂ ಹೋದದ್ದಕ್ಕೆ ಮನಸ್ಸು ಕಹಿ ಮಾಡಿಕೊಳ್ಳಬೇಡಿ. ಮುಸ್ಲಿಮನು ನೆಟ್ಟ ಗಿಡದಿಂದ ಮನುಷ್ಯನೋ ಪ್ರಾಣಿಯೋ ಪಕ್ಷಿಯೋ ತಿಂದರೆ ಅದು ಅವನ ಪಾಲಿಗೆ ದಾನವೆಂದೂ, ಕದ್ದುಹೋದದ್ದೂ ದಾನವೆಂದೇ ಬರೆಯಲ್ಪಡುವುದೆಂದೂ ಜಾಬಿರ್(ರ)ರು ವರದಿ ಮಾಡಿದ ಹದೀಸಿನಲ್ಲಿದೆ. ಇದು ಮುಸ್ಲಿಮ್ ಗ್ರಂಥದಲ್ಲಿ ಇದೆ. ಬೇರೆ ಯಾವ ವ್ಯಾಪಾರದಲ್ಲಿ ಕಳವಾದದ್ದೂ ಲಾಭದ ಪುಟಕ್ಕೆ ಸೇರುತ್ತದೆ?

ಕಿತ್ತ ಹುಡುಗನನ್ನು ಹಿಡಿದರೆ ಹೊಡೆಯಬೇಡಿ. ಅವನಿಗೊಂದು ಮಡಿ ಕೊಡಿರಿ. ತಾನು ಬಿತ್ತಿದ ಬೆಂಡೆಯನ್ನು ಅವನೇ ಕಾಯುತ್ತಾನೆ.

ಕೊನೆಯ ಮಾತು

ನಮ್ಮ ಮೊಹಲ್ಲಾದಲ್ಲಿ ಚೀಲ ಹಂಚುವುದು ನಿಂತ ಮೇಲೆ, ಒಬ್ಬ ಹಿರಿಯರು ತಮ್ಮ ಮನೆಯ ಹಿಂದಿನ ಖಾಲಿ ಜಾಗವನ್ನು ಎರಡು ವರ್ಷಕ್ಕೆಂದು ಕೊಟ್ಟರು. ನಾನು ಆ ಸಹೋದರಿಯ ಬಾಗಿಲಿಗೆ ಮತ್ತೆ ಹೋದೆ. ಈ ಸಲ ಕೈಯಲ್ಲಿ ಚೀಲವಿರಲಿಲ್ಲ. “ಆಪಾ, ಮಡಿ ಮಾಡುವುದು ನಮಗೆ ಬರುವುದಿಲ್ಲ. ನೀವು ತೋರಿಸಿಕೊಡಬೇಕು” ಎಂದೆ. ಅವರು ಹುಟ್ಟಿದ್ದು ಒಕ್ಕಲುತನದ ಮನೆಯಲ್ಲಿ. ಮರುದಿನ ಮಗಳೊಂದಿಗೆ ಬಂದು, ಹುಡುಗರು ಅಗೆದಿದ್ದ ಮಡಿ ನೋಡಿ, “ಇದರಲ್ಲಿ ನೀರು ನಿಲ್ಲುತ್ತದೆ, ತೆಗೆದು ಮತ್ತೆ ಮಾಡಿ” ಎಂದರು. ಮತ್ತೆ ಮಾಡಿದೆವು. ಮೊದಲ ಮೆಂತ್ಯ ಬಂದಾಗ ಕಟ್ಟು ಕಟ್ಟಿ ಮನೆಮನೆಗೆ ಕೊಟ್ಟು ಬಂದವಳು ಅವರ ಮಗಳು. ನನ್ನ ಮನೆಗೂ ಒಂದು ಕಟ್ಟು ಬಂತು. ಅಂದು ಪಡೆಯುವವನ ಜಾಗದಲ್ಲಿ ನಿಂತು ಬಾಗಿಲು ತೆರೆದವನು ನಾನು.

ಅಂತ್ಯದಿನ ಬಂದೇಬಿಟ್ಟರೂ ಕೈಯಲ್ಲಿ ಒಂದು ಸಸಿಯಿದ್ದರೆ ಅದನ್ನು ನೆಟ್ಟುಬಿಡಬೇಕೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಅಂತ್ಯದಿನ ಇನ್ನೂ ಬಂದಿಲ್ಲ, ಮುಂದಿನ ಮಳೆಗಾಲ ಬರುತ್ತದೆ. ಈ ವಾರ ಆ ಆರು ಮನೆಗಳ ಬಾಗಿಲು ತಟ್ಟಿರಿ. ಏನು ಬೇಕೆಂದು ಕೇಳಬೇಡಿ. ನಮ್ಮೊಂದಿಗೆ ಬಿತ್ತಲು ಬರುತ್ತೀರಾ ಎಂದು ಕೇಳಿರಿ.

ಅಲ್ಲಾಹನು ನಮ್ಮ ಕೈಗಳಿಗೆ ದುಡಿಮೆಯನ್ನೂ ನಮ್ಮ ನೆರೆಮನೆಗಳಿಗೆ ನೆಮ್ಮದಿಯ ಊಟವನ್ನೂ ದಯಪಾಲಿಸಲಿ. ಆಮೀನ್.